ಹೊಲಗಳ ಹೆಸರು ಬಲ್ಲ ಗೇನ್ಯಕ್ಕ

ಬೆಳಗಿನ ಐದೂವರೆ. ಓಲ್ಶಾನಿ ಊರಿನ ಹುಲ್ಲುಗಾವಲಿನ ಮೇಲೆ ಮಂಜು ಸೊಂಟದೆತ್ತರಕ್ಕೆ ನಿಂತಿದೆ. ಅದರೊಳಗಿಂದ ಸಲಿಕೆಯ ಸದ್ದು ಬರುತ್ತಿದೆ. ತೊಡೆಯವರೆಗೆ ರಬ್ಬರ್ ಬೂಟು ಏರಿಸಿಕೊಂಡು ಗೆನೊವೆಫಾ ಸ್ಕಿಬಾ ಕಾಲುವೆಗಿಳಿದಿದ್ದಾರೆ. ಜೊಂಡು ಕೊಯ್ದು, ಹೂಳೆತ್ತಿ ದಡಕ್ಕೆ ಎಸೆಯುತ್ತಾರೆ. ದಿನಕ್ಕೆ ನಲವತ್ತು ಮೀಟರ್. ಪಂಚಾಯಿತಿಯ ಹದಿನಾಲ್ಕು ಹಳ್ಳಿಗಳ ಹಿಮ ಕರಗಿದ ನೀರು ಹೊಳೆ ಸೇರುವುದು ಇವರ ರಟ್ಟೆಯ ಬಲದಿಂದ.

ಅರವತ್ತರ ಹೊಸ್ತಿಲಲ್ಲಿರುವ ಇವರು ಊರಿಗೆಲ್ಲ ಗೇನ್ಯಕ್ಕ. ಅಪ್ಪನ ಮಂಡಿ ಸೋತಾಗ ಅವರ ಸಲಿಕೆ ಹಿಡಿದವರು. ಮೊದಲ ದಿನ ದಡದಲ್ಲಿ ನಿಂತ ಗಂಡಸರು, “ನೀನು ಬಿದ್ರೆ ಎತ್ತೋರ್ಯಾರೇ?” ಎಂದು ಕಿಚಾಯಿಸಿದರಂತೆ.

“ಶನಿವಾರ ಕುಡ್ದು ನೀವು ಬಿದ್ರೆ ಎತ್ತೋಕೇ ಬಂದಿದೀನಿ ಅಂದೆ. ಎತ್ತಿದೀನಿ ಕೂಡ, ಮೂವರನ್ನ!”

ಅಪ್ಪ ಸಲಿಕೆಯ ಜೊತೆ ಹೆಸರುಗಳನ್ನೂ ಕೊಟ್ಟುಹೋದರು. ಒಂದೊಂದು ಹೊಲಕ್ಕೂ ತಗ್ಗಿಗೂ ಹಿರಿಯರಿಟ್ಟ ಹೆಸರಿದೆ. ಸರ್ಕಾರಿ ನಕ್ಷೆಯಲ್ಲಿ ಬರೀ ನಂಬರು.

ನಾಲ್ಕು ವರ್ಷದ ಹಿಂದೆ ಅಂಥದೊಂದು ನಂಬರಿನ ಮೇಲೆ ಶಿಶುವಿಹಾರ ಕಟ್ಟಲು ಗೂಟ ಹೊಡೆದರು. ಬೇಸಿಗೆಯಲ್ಲಿ ನೆಲ ಒಣಗಿ ಗಟ್ಟಿಯಾಗಿತ್ತು. ಗೇನ್ಯಕ್ಕ ಕೆಸರುಗಾಲಲ್ಲೇ ಪಂಚಾಯಿತಿ ಸಭೆಗೆ ಹೋದರು.

“ಅದರ ಹೆಸರು ಕುದುರೆಮುಳುಗು. ಸುಮ್ನೆ ಇಟ್ಟಿರ್ತಾರಾ?”

“ನಕ್ಷೇಲಿ ಹಾಗೇನೂ ಇಲ್ವಲ್ಲ ಗೇನ್ಯಕ್ಕ,” ಎಂದು ಸರ್ವೆಯ ರಾದೊಮಿರ್ ನಕ್ಕ.

“ನಗು ಮಗಾ. ಮಾರ್ಚಿನ ತನಕ ಕಾದು ನೋಡಿ. ಆಗ್ಲೂ ಒಣಗೇ ಇದ್ರೆ ನಾನೇ ಪಾಯ ತೋಡ್ತೀನಿ, ಬಿಟ್ಟಿ.”

ಅಧ್ಯಕ್ಷರು ಕಾದರು. ಮಾರ್ಚಿನಲ್ಲಿ ಹಿಮ ಕರಗಿ ಆ ಜಾಗದಲ್ಲಿ ಮೊಣಕಾಲುದ್ದ ನೀರು; ನಡುವೆ ಎರಡು ಕೊಕ್ಕರೆ. ಕಟ್ಟಡ ದಿಬ್ಬಕ್ಕೆ ಸರಿಯಿತು. ಈಗ ಅಲ್ಲಿ ಮೂವತ್ತೆರಡು ಮಕ್ಕಳು ಬೆಚ್ಚಗೆ ಬೀಟ್‌ರೂಟ್ ಸಾರು ಕುಡಿಯುತ್ತಾರೆ.

ನಕ್ಕಿದ್ದ ರಾದೊಮಿರ್ ತಾನೇ ಬಂದು, ಹೆಸರುಗಳನ್ನೆಲ್ಲ ತೋರಿಸಿಕೊಡಿ, ನಕ್ಷೆಗೆ ಬರೆದುಕೊಳ್ಳುತ್ತೇನೆ ಎಂದು ಕೇಳಿಕೊಂಡ. ಎರಡು ಬೇಸಿಗೆ, ಕೆಲಸ ಮುಗಿದ ಮೇಲೆ, ಗೇನ್ಯಕ್ಕ ಮುಂದೆ, ಅವನು ಹಿಂದೆ. ಸಿಕ್ಕ ಹೆಸರು ನೂರ ಎಪ್ಪತ್ತಮೂರು. ಹೊಸ ನಕ್ಷೆ ಈಗ ಪಂಚಾಯಿತಿ ಗೋಡೆಯ ಮೇಲಿದೆ. ಕೆಳಗೆ ನಿಮ್ಮ ಹೆಸರು ಹಾಕಿಸಲೇ ಎಂದು ಅಧ್ಯಕ್ಷರು ಕೇಳಿದರೆ ಗೇನ್ಯಕ್ಕ ಬೇಡವೆಂದು ಕೈಯಾಡಿಸಿಬಿಟ್ಟರು.

ಹಾಗಾದರೆ ಏನು ಬೇಕು? ಹೂಳು ಮೆತ್ತಿದ ಬೆರಳು ಒರೆಸಿಕೊಳ್ಳುತ್ತ ಹೇಳುತ್ತಾರೆ: “ನಕ್ಷೇಲಿ ಬಾತುಗುಂಡಿ ಅನ್ನೋ ತಗ್ಗನ್ನ ಎರಡು ಬೆರಳು ಎಡಕ್ಕೆ ಸರಿಸ್ಲಿ. ತಪ್ಪು ಬರ್ದಿದಾರೆ. ನಮ್ಮ ನೀರು ಅತ್ತ ಹರಿಯಲ್ಲ.”