ಉಳಿಸಿದ್ದಕ್ಕೆ ಬಂದ ಬಿಲ್ಲು

ವಿದ್ಯುತ್ ಕಂಪನಿಯ ಕಚೇರಿಯ ಎದುರಿಗೆ, ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಇಸ್ತ್ರಿ ಅಂಗಡಿ. ನೆಟ್ಟಗೆ ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತಿತ್ತು, ಹಾಗಾಗಿ ದಿನವಿಡೀ ಕತ್ತು ಬಗ್ಗಿಸಿಕೊಂಡೇ ಕೆಲಸ. ಹೊಸಬರು ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ಅವಳು ಬಾಯಿ ತೆರೆದ ಮೇಲೆ ಆ ಭ್ರಮೆ ಯಾರಿಗೂ ಉಳಿಯುತ್ತಿರಲಿಲ್ಲ. ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ. ಗಂಡ ಹಿಂದೆ ಲಾರಿ ಓಡಿಸುತ್ತಿದ್ದವನು. ಮಂಡಿ ಕೈಕೊಟ್ಟ ಮೇಲೆ ಹೊರಗೆ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಚುತ್ತಿದ್ದ.

ಆ ಬೇಸಿಗೆ ಕಂಪನಿಯವರು ಗಾಡಿಗೆ ಮೈಕು ಕಟ್ಟಿಕೊಂಡು ಬಂದು, ಕರೆಂಟ್ ಉಳಿಸಿ ಎಂದು ಬೀದಿಬೀದಿಯಲ್ಲಿ ಕೂಗಿ ಹೋದರು. ಬೇರೆಯವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಇಸ್ತ್ರಿಯಕ್ಕ ಮನಸ್ಸಿಗೆ ತಗೊಂಡಳು. ಪೆಟ್ಟಿಗೆಯನ್ನು ಪದೇ ಪದೇ ಕಾಯಿಸುವುದು ಬಿಟ್ಟು ಬಟ್ಟೆಯನ್ನೆಲ್ಲ ಗುಡ್ಡೆ ಹಾಕಿ ಒಂದೇ ಸಲಕ್ಕೆ ಮುಗಿಸಿದಳು. ದಪ್ಪ ಬಟ್ಟೆ ಮೊದಲು, ತೆಳು ಬಟ್ಟೆ ಆಮೇಲೆ, ಸ್ವಿಚ್ ಆರಿಸಿದ ಮೇಲೆ ಉಳಿದ ಬಿಸಿಯಲ್ಲಿ ಕರವಸ್ತ್ರ. ಫ್ಯಾನನ್ನೂ ಆರಿಸಿದಳು. "ಹೀಗೇ ಬೆವರಿದ್ರೆ ನಿನ್ನನ್ನೂ ಹಿಂಡಿ ಒಣಗಿ ಹಾಕ್ಬೇಕಾಗುತ್ತೆ" ಅಂದ ಗಂಡ.

ಬಿಲ್ಲು ಬಂತು. ಯೂನಿಟ್ಟು ಚೆನ್ನಾಗಿಯೇ ಇಳಿದಿತ್ತು, ಒಟ್ಟು ಮೊತ್ತ ಮಾತ್ರ ಇಳಿದಿರಲಿಲ್ಲ. ಕೆಳಗೆ ಹೊಸದೊಂದು ಸಾಲು ಸೇರಿತ್ತು: ಇಂಧನ ಉಳಿತಾಯ ವೆಚ್ಚ ವಸೂಲಿ.

ಅವಳು ಬಿಲ್ಲು ಹಿಡಿದು ರಸ್ತೆ ದಾಟಿದಳು. ಬಿಲ್ಲಿನ ವಿಭಾಗದ ಸಾಹೇಬರು ಅವಳ ಗಿರಾಕಿಯೇ.

"ನೋಡಿ ಅಕ್ಕ, ಜನ ಕಡಿಮೆ ಬಳಸಿದ್ರು, ಕಂಪನಿ ಆದಾಯ ಬಿತ್ತು. ಕಂಬ, ತಂತಿ, ಸಂಬಳ ಎಲ್ಲಾ ಹಾಗೇ ಇದೆಯಲ್ಲ? ಮೇಲಿಂದ, ಕಡಿಮೆ ಕರೆಂಟ್ ತಿನ್ನೋ ಹೊಸ ಏಸಿ ಕೊಂಡವರಿಗೆ ರಿಯಾಯಿತಿ ಕೊಟ್ವಿ. ಆ ಖರ್ಚನ್ನ ಎಲ್ಲರ ಮೇಲೂ ಹಂಚಿದೀವಿ."

"ನಂಗೇನು ರಿಯಾಯಿತಿ ಸಿಕ್ತು?"

"ನೀವು ಏಸಿ ಕೊಂಡ್ರಾ?"

"ಮೆಟ್ಟಿಲ ಕೆಳಗಾ?"

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಸಾಹೇಬರು ತಾಳ್ಮೆ ಬಿಡಲಿಲ್ಲ. "ಬಳಕೆ ಇಳಿದ್ರೆ ಹೊಸ ಸ್ಥಾವರ ಕಟ್ಟೋದು ತಪ್ಪುತ್ತೆ. ಮುಂದೆ ಎಲ್ಲರಿಗೂ ಲಾಭ."

"ಮುಂದೆ ಲಾಭ ಬರಲಿ, ಮುಂದೇನೇ ಕೊಡ್ತೀನಿ."

ಆ ಸಾಲಿನದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಟ್ಟಿ ಬಂದಳು.

ಮುಂದಿನ ತಿಂಗಳು ಸಾಹೇಬರು ರಜೆಯ ಮೇಲಿದ್ದರು. ವಾಪಸು ಬಂದು ಒಂದಿಷ್ಟು ಶರ್ಟು ಕೊಟ್ಟರು. ತಗೊಳ್ಳಲು ಬಂದಾಗ ಇಸ್ತ್ರಿಯಕ್ಕ ಹೇಳಿದ ಲೆಕ್ಕಕ್ಕೆ ಅವರ ಹುಬ್ಬು ಮೇಲೇರಿತು.

"ಇಷ್ಟೇ ಶರ್ಟಿಗೆ ಇಷ್ಟೊಂದಾ?"

"ಹೋದ ತಿಂಗಳು ನೀವು ಬಟ್ಟೇನೇ ಕೊಡ್ಲಿಲ್ಲ. ನಂಗೆ ಆದಾಯ ಬಿತ್ತು. ಬಾಡಿಗೆ, ಈ ಮನುಷ್ಯನ ಮಂಡಿ ಔಷಧಿ ಎಲ್ಲಾ ಹಾಗೇ ಇದೆಯಲ್ಲ? ಮೇಲಿಂದ, ಇದ್ದಿಲಿನ ಖರ್ಚು ಬೇರೆ."

"ಇದ್ದಿಲಾ? ನಿಮ್ಮದು ಕರೆಂಟ್ ಪೆಟ್ಟಿಗೆ ಅಲ್ವಾ?"

"ಇವತ್ತು ಬೆಳಿಗ್ಗೆ ನಿಮ್ಮವರು ಬಂದು ಲೈನು ಕಿತ್ಕೊಂಡು ಹೋದ್ರು."

ಸಾಹೇಬರ ಮುಖ ಬಿಳಿಚಿತು. ಲೈನು ಕೀಳಬೇಕಾದವರ ಪಟ್ಟಿಗೆ ಅವರೇ ಸಹಿ ಹಾಕಿದ್ದರು, ಹೆಸರು ನೋಡಿರಲಿಲ್ಲ. ಅವಳು ಕೇಳಿದ್ದನ್ನು ಕೊಟ್ಟು, ಶರ್ಟು ಎತ್ತಿಕೊಂಡು ಹೋದರು. ಹೆಚ್ಚಿಗೆ ಬಂದದ್ದನ್ನು ಅವಳು ಗಂಡನ ಕೈಲಿ ಸಂಜೆಯೇ ವಾಪಸು ಕಳಿಸಿದಳು. ಅವಳಿಗೆ ಬೇಕಾಗಿದ್ದದ್ದು ಆ ಹಣವಲ್ಲ.

ಇದ್ದಿಲ ಪೆಟ್ಟಿಗೆ ಗುಜರಿ ಅಂಗಡಿಯಿಂದ ತಂದದ್ದು. ಎತ್ತಿ ಎತ್ತಿ ಭುಜ ಬಿದ್ದುಹೋಗುತ್ತಿತ್ತು, ಕಿಡಿ ಹಾರಿ ಯಾರದೋ ಕಾಲರ್ ಸುಟ್ಟು ಬೈಸಿಕೊಂಡದ್ದೂ ಆಯಿತು. ಹೊಗೆ ಮಾತ್ರ ಗಾಳಿಯ ಜೊತೆ ಸೀದಾ ಎದುರಿನ ಕಚೇರಿಯ ಕಿಟಕಿಗೆ ನುಗ್ಗುತ್ತಿತ್ತು.

"ಆ ಬಾಕಿ ಕಟ್ಟಿಬಿಡೆ, ಸಾಕು. ನಿನ್ನ ಭುಜ ನೋಡೋಕಾಗ್ತಿಲ್ಲ ನಂಗೆ" ಅಂದ ಗಂಡ ಒಂದು ದಿನ. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

ಅವಳು ಕೈಲಿದ್ದ ಶರ್ಟಿನ ತೋಳು ಮುಗಿಸಿದಳು. ಆಮೇಲೆ ಅಂದಳು, "ಉಳಿಸಿ ಅಂದ್ರು, ಉಳಿಸಿದೆ. ಉಳಿಸಿದ್ದಕ್ಕೇ ದಂಡ ಹಾಕಿದ್ರೆ ಸುಮ್ನಿರೋಕೆ ನನ್ನ ಕೈಲಾಗಲ್ಲ ರೀ."

ಅಷ್ಟರಲ್ಲಿ ಕಂಪನಿ ಆ ಸಾಲಿನ ಮೊತ್ತವನ್ನು ಇನ್ನೂ ಏರಿಸಲು ಹೊರಟಿತು. ಅದಕ್ಕೆ ದರ ಮಂಡಳಿಯ ಒಪ್ಪಿಗೆ ಬೇಕು, ಮಂಡಳಿ ಮೊದಲು ಜನರ ಮಾತು ಕೇಳಬೇಕು. ವಿಚಾರಣೆಯ ದಿನ ಅವಳು ಅಂಗಡಿ ಮುಚ್ಚಿ ಹೊರಟಳು. ಪಕ್ಕದ ಕ್ಷೌರದವನೂ ಹಿಟ್ಟಿನ ಗಿರಣಿಯ ಯಜಮಾನಿಯೂ ಜೊತೆಯಾದರು. ಅವರ ಬಿಲ್ಲಿನಲ್ಲೂ ಅದೇ ಸಾಲು ಇತ್ತು.

ಸಭಾಂಗಣ ಮೈ ನಡುಗುವಷ್ಟು ತಣ್ಣಗಿತ್ತು. ಕಂಪನಿಯ ವಕೀಲರು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಬಹಳ ಹೊತ್ತು ಮಾತಾಡಿದರು. ಇಸ್ತ್ರಿಯಕ್ಕನ ಸರದಿ ಬಂದಾಗ ಮಂಡಳಿಯ ಅಧ್ಯಕ್ಷೆ, "ಚಿಕ್ಕದಾಗಿ ಹೇಳಮ್ಮ" ಅಂದರು.

ಇಲ್ಲಿ ತಲೆಗೆ ಬಡಿಯುವುದು ಏನೂ ಇರಲಿಲ್ಲ. ಅವಳು ನೆಟ್ಟಗೆ ನಿಂತಳು.

"ಚಿಕ್ಕದೇ ಇದೆ ಮೇಡಂ. ಏಸಿ ಕೊಳ್ಳೋ ಶಕ್ತಿ ಇರೋರಿಗೆ ರಿಯಾಯಿತಿ, ಫ್ಯಾನ್ ಆರಿಸಿ ಕೂತೋರಿಗೆ ವಸೂಲಿ. ಉಳಿಸೋದು ಬೇಡ ಅಂತ ನಾನು ಹೇಳ್ತಿಲ್ಲ, ಉಳಿಸಿ ತೋರಿಸಿದೀನಿ. ಆದ್ರೆ ಏನೂ ಸಿಗದವರ ಹತ್ರ ಕಿತ್ಕೊಳ್ಳೋದನ್ನ ನಾನು ಒಪ್ಪಲ್ಲ. ಲೈನು ಕಿತ್ರು, ಇದ್ದಿಲಲ್ಲಿ ಮಾಡ್ತಿದೀನಿ. ಅಂಗಡಿನೂ ಕಿತ್ರೆ ಬೀದೀಲಿ ಮಾಡ್ತೀನಿ. ಆ ಸಾಲು ಮಾತ್ರ ಕಟ್ಟಲ್ಲ."

ವಕೀಲರು ಏನೋ ಹೇಳಲು ಎದ್ದರು. ಅಧ್ಯಕ್ಷೆ ಕೈಸನ್ನೆಯಿಂದಲೇ ಕೂರಿಸಿ, "ಈ ರಿಯಾಯಿತಿ ಸಣ್ಣ ಅಂಗಡಿಗಳಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ?" ಎಂದು ಕೇಳಿದರು. ವಕೀಲರು ಕಾಗದ ಮಗುಚಿದರು, ಮತ್ತೆ ಮಗುಚಿದರು.

ಏರಿಕೆಗೆ ಒಪ್ಪಿಗೆ ಸಿಗಲಿಲ್ಲ. ಹಳೇ ಸಾಲು ಹೋಗಲೂ ಇಲ್ಲ. ಸಣ್ಣ ಅಂಗಡಿಗಳ ವಿಷಯ ಇನ್ನೊಮ್ಮೆ ಕೇಳಿ ತೀರ್ಮಾನಿಸುತ್ತೇವೆ, ಅಲ್ಲಿಯವರೆಗೆ ಈ ಒಂದು ಬಾಕಿಗಾಗಿ ಯಾರ ಲೈನೂ ಕೀಳಬಾರದು ಎಂದಿತು ಮಂಡಳಿ. ಲೈನ್‌ಮನ್ ಬಂದು ತಂತಿ ಜೋಡಿಸಿದ. ಬಾಕಿ ಪ್ರತಿ ಬಿಲ್ಲಿನಲ್ಲೂ ಬೆಳೆಯುತ್ತಾ ಹೋಯಿತು, ಅವಳು ಅದನ್ನು ಬಿಟ್ಟು ಮಿಕ್ಕಿದ್ದನ್ನು ಕಟ್ಟುತ್ತಾ ಹೋದಳು.

ಎರಡನೇ ವಿಚಾರಣೆಯ ದಿನ ಬೀದಿಯ ಅರ್ಧ ಅಂಗಡಿಗಳ ಬಾಗಿಲು ಮುಚ್ಚಿತ್ತು. ಇಸ್ತ್ರಿಯಕ್ಕ ಎಲ್ಲರಿಗಿಂತ ಮುಂಚೆ ಹೋಗಿ, ವಕೀಲರ ಪಕ್ಕದ ಕುರ್ಚಿಯನ್ನೇ ಎಳೆದುಕೊಂಡು ಕೂತಳು.