ವರದಿಗಾರನಿಗೆ ಹತ್ತಕ್ಕೆ ಎಷ್ಟು?

ದಿನಪತ್ರಿಕೆಯನ್ನು ಕೊನೆಯ ಪುಟದಿಂದ ಓದಲು ಶುರುಮಾಡುವವರಲ್ಲಿ ಎರಡು ವರ್ಗ. ರಾಜಕೀಯದ ಮೇಲೆ ಜಿಗುಪ್ಸೆ ಹುಟ್ಟಿ, ಲೋಕದಲ್ಲಿ ಇನ್ನೂ ಏನಾದರೂ ಒಳ್ಳೆಯದು ಉಳಿದಿರಬಹುದೆಂಬ ಆಸೆಯಿಂದ ಕ್ರೀಡಾಪುಟ ತೆರೆಯುವವರು ಒಂದು ವರ್ಗ. ನಿನ್ನೆ ಸಂಜೆ ಮೈದಾನದಲ್ಲಿ ಕೂತು ಕಣ್ಣಾರೆ ಕಂಡ ಪಂದ್ಯವನ್ನೇ ಇವತ್ತು ಬೆಳಿಗ್ಗೆ ಮತ್ತೆ ಓದಿ, ಬರೆದವನು ಎಲ್ಲೆಲ್ಲಿ ತಪ್ಪಿದ್ದಾನೆಂದು ಹುಡುಕುವವರು ಇನ್ನೊಂದು ವರ್ಗ. ನಾನು ಎರಡನೆಯ ವರ್ಗದವನು. ಅಷ್ಟು ಸಾಲದೆಂಬಂತೆ, ಹಾಗೆ ಓದುವಾಗ ಕೈಯಲ್ಲೊಂದು ಕೆಂಪು ಪೆನ್ನು ಹಿಡಿದುಕೊಳ್ಳುವವನು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವನ ಕೈಯಿಂದ ಆ ಪೆನ್ನನ್ನು ನಿವೃತ್ತಿಯೂ ಕಸಿದುಕೊಳ್ಳಲಾರದು ಎಂಬುದು ನನ್ನ ಹೆಂಡತಿಯ ಅನುಭವದ ಮಾತು. ಅವಳು ಬರೆದ ಸಾಮಾನಿನ ಚೀಟಿಯಲ್ಲಿ ಉದ್ದಿನಬೇಳೆಗೆ ಅನಗತ್ಯವಾಗಿ ಒಂದು ಮಹಾಪ್ರಾಣ ಸೇರಿಕೊಂಡಿದೆಯೆಂದು ನಾನು ವೃತ್ತ ಎಳೆದು ತೋರಿಸಿದ ವಾರವೆಲ್ಲ ನಮ್ಮ ಮನೆಯಲ್ಲಿ ಇಡ್ಲಿಯಾಗಲಿಲ್ಲ.

ನಮ್ಮ ಕರಾವಳಿಗೂ ಒಂದು ವೃತ್ತಿಪರ ಫುಟ್‌ಬಾಲ್ ತಂಡ ಬಂದದ್ದು ನನ್ನ ನಿವೃತ್ತಿಯ ಹೊತ್ತಿಗೆ ಸರಿಯಾಗಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇಪ್ಪತ್ತೆರಡು ಮಂದಿ ಸೇರಿ ಅಭಿಮಾನಿ ಬಳಗ ಕಟ್ಟಿಕೊಂಡೆವು. ಭಾನುವಾರ ಸಂಜೆ ಮಂಗಳೂರಿನ ಮೈದಾನದಲ್ಲಿ ಗಂಟಲು ಹರಿಯುವಂತೆ ಕೂಗುವುದು. ಸೋಮವಾರ ಬೆಳಿಗ್ಗೆ ಬಂಟ್ವಾಳದ ಒಂದು ಹೋಟೆಲಿನಲ್ಲಿ ಕೂತು, ಹರಿದ ಗಂಟಲಿಗೆ ಚಹಾ ಹೊಯ್ದುಕೊಳ್ಳುತ್ತಾ, ಪಂದ್ಯದ ವರದಿ ಬರೆದವರಿಗೆ ಹತ್ತಕ್ಕೆ ಎಷ್ಟೆಂದು ಅಂಕ ಕೊಡುವುದು. ಆಟಗಾರರಿಗೆ ನಾವು ಅಂಕ ಕೊಡುತ್ತಿರಲಿಲ್ಲ, ಅವರು ನಮ್ಮವರಲ್ಲವೇ! ಗೋಲಿಲ್ಲದ ದಿನದ ಗೋಳೆಲ್ಲ ವರದಿಗಾರನ ತಲೆಗೇ. ಸೋತದ್ದನ್ನು ಸೋತರೆಂದೇ ಬರೆದರೆ ಅವನು ದ್ರೋಹಿ. ಸೋತರೂ ಚೆನ್ನಾಗಿ ಆಡಿದರು ಎಂದರೆ ಮುಖಸ್ತುತಿಕಾರ. ಎರಡನ್ನೂ ಹೇಳದೆ ಅಂಕಿ ಅಂಶ ಮಾತ್ರ ಕೊಟ್ಟರೆ ಪಂದ್ಯವನ್ನೇ ನೋಡಿಲ್ಲದವನು. ಒಮ್ಮೆ ಎದುರಾಳಿ ತಂಡದ ಬಣ್ಣದ ಅಂಗಿ ತೊಟ್ಟು ಬಂದನೆಂಬ ಏಕೈಕ ಕಾರಣಕ್ಕೆ ಒಬ್ಬ ಬಡಪಾಯಿಯ ಎರಡು ಅಂಕ ಕಳೆದಿದ್ದೆವು. ನಾವು ಅಭಿಮಾನಿಗಳು ನಿಜ. ಆದರೆ ಪಕ್ಕದವನ ಮಾನದ ಬಗ್ಗೆ ನಮಗೆ ಅಂಥ ಚಿಂತೆಯೇನೂ ಇರಲಿಲ್ಲ.

ಈ ನ್ಯಾಯಪೀಠದ ಅಧ್ಯಕ್ಷರು ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಹಸನಬ್ಬನವರು. ನಮ್ಮ ತಂಡದ ಗೋಲ್‌ಕೀಪರ್ ಸಿನಾನ್ ಅವರ ಸ್ವಂತ ತಂಗಿಯ ಮಗ. ಇನ್ನು, ನಮ್ಮ ಕೈಗೆ ಅತಿ ಹೆಚ್ಚು ಸಿಕ್ಕಿಬೀಳುತ್ತಿದ್ದ ವರದಿಗಾರ ಬೆಳ್ತಂಗಡಿಗೆ ತಾಗಿದ ಲಾಯಿಲದ ಶೇಖರ. ನಲವತ್ತರ ಆಸುಪಾಸಿನ, ಹಳೆಯ ಸ್ಕೂಟರಿನ, ಹೆಚ್ಚು ಮಾತಾಡದ ಮನುಷ್ಯ. ಪಂಚಾಯತ್ ಸಭೆಯಿಂದ ನೇತ್ರಾವತಿಯ ನೆರೆಯವರೆಗೆ ಎಲ್ಲವನ್ನೂ ಬರೆದು, ಭಾನುವಾರ ಫುಟ್‌ಬಾಲನ್ನೂ ಬರೆಯುತ್ತಿದ್ದ. ಅವನ ವರದಿಗೆ ನಾವು ಐದಕ್ಕಿಂತ ಹೆಚ್ಚು ಕೊಟ್ಟದ್ದು ನನಗೆ ನೆನಪಿಲ್ಲ.

ಹೀಗಿರುವಾಗ ಒಂದು ಭಾನುವಾರ ನಮ್ಮವರು ಎರಡು ಗೋಲುಗಳಿಂದ ಸೋತರು. ಸಿನಾನ್ ಭುಜ ನೋಯುತ್ತಿದ್ದರೂ ಆಡಿದ್ದ. ಏಳು ಹೊಡೆತಗಳನ್ನು ತಡೆದಿದ್ದ. ಅವನಿಲ್ಲದಿದ್ದರೆ ಒಂಬತ್ತು ಗೋಲಾಗುತ್ತಿತ್ತೆಂದು ನಾವು ಸಮಾಧಾನ ಮಾಡಿಕೊಂಡು ಊರಿಗೆ ಬಂದೆವು. ಮರುದಿನ ಪತ್ರಿಕೆ ತೆರೆದರೆ ಶೇಖರನ ಹೆಸರಿನ ಕೆಳಗೆ ನಾಲ್ಕೇ ವಾಕ್ಯ. ಅದರಲ್ಲೊಂದು, ಗೋಲ್‌ಕೀಪರ್ ಎರಡು ಹೊಡೆತಗಳನ್ನು ತಡೆಯಲಿಲ್ಲ ಎಂಬುದು. ಮೇಲೆ ದಪ್ಪಕ್ಷರದಲ್ಲಿ ತಲೆಬರಹ: ‘ಕೈಕೊಟ್ಟ ಗೋಲ್‌ಕೀಪರ್’.

ಶ್ಲೇಷೆಯೇನೋ ಚೆನ್ನಾಗಿತ್ತು. ಬೇರೆ ತಂಡದ ಗೋಲ್‌ಕೀಪರನಾಗಿದ್ದರೆ ನಾನೇ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದೆ. ಆದರೆ ಹಸನಬ್ಬನವರು ಅಂದು ಚಹಾ ಮುಟ್ಟಲಿಲ್ಲ.

“ನನ್ನ ತಂಗಿ ಬೆಳಿಗ್ಗೆಯಿಂದ ಬಾಗಿಲು ಹಾಕಿ ಕೂತಿದ್ದಾಳೆ ಮಾಷ್ಟ್ರೇ,” ಎಂದರು. “ಮೀನಿನವನು ಕೂಡ ಗೇಟಿನ ಹತ್ತಿರ ನಿಂತು ‘ನಿಮ್ಮ ಮಗ ಕೈಕೊಟ್ಟನಂತೆ’ ಅಂತ ಕೇಳಿದನಂತೆ. ಆ ಶೇಖರನಿಗೆ ಕಣ್ಣು ಉಂಟಾ ಇಲ್ವಾ? ಇನ್ನು ಅಂಕ ಸಾಕು. ಸಂಪಾದಕರಿಗೆ ಬರೆಯುವ. ನೀವು ಬರೀಬೇಕು. ನಿಮ್ಮ ಹಾಗೆ ಬರೆಯುವವರು ನಮ್ಮಲ್ಲಿ ಯಾರಿದ್ದಾರೆ?”

ಆ ಕೊನೆಯ ವಾಕ್ಯವೊಂದಿಲ್ಲದಿದ್ದರೆ ನಾನು ಸ್ವಲ್ಪ ಯೋಚಿಸುತ್ತಿದ್ದೆನೇನೋ. ಸೋಮವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತವನು ಸಂಜೆಗೆ ನಾಲ್ಕು ಪುಟ ಹಿಡಿದುಕೊಂಡು ಎದ್ದೆ. ಬರಿಯ ಬೈಗುಳ ಯಾರಾದರೂ ಬರೆದಾರು! ನಾನು ಆರಿಸಿಕೊಂಡದ್ದು ವ್ಯಾಜಸ್ತುತಿಯನ್ನು. ಹೊಗಳಿದಂತೆ ಕಾಣಿಸಿ ತೆಗಳುವ ಆ ಅಲಂಕಾರವನ್ನು ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿದ್ದೆ. ಪ್ರಯೋಗಿಸುವ ಸಂದರ್ಭ ಈಗ ತಾನಾಗಿ ಒದಗಿತ್ತು. ನಾವು ಯಾರೆಂದು ಒಂದು ವಾಕ್ಯದಲ್ಲಿ ತಿಳಿಸಿ, ‘ಇಂಥ ವರದಿಗಾರರನ್ನು ನಾವು ಇನ್ನೆಲ್ಲೂ ಕಂಡಿಲ್ಲ’ ಎಂದು ಆರಂಭಿಸಿ, ಅವನ ದಿವ್ಯದೃಷ್ಟಿಯನ್ನೂ ಸಂಕ್ಷೇಪಕಲೆಯನ್ನೂ ಕೊಂಡಾಡಿ, ‘ಸಂಪಾದಕರು ಇವರ ವಿಷಯದಲ್ಲಿ ಕೂಡಲೇ ಸೂಕ್ತ ನಿರ್ಧಾರ ಕೈಗೊಳ್ಳಬೇಕು’ ಎಂದು ಮುಗಿಸಿದೆ. ನಡುವಿನ ಮೂರು ಪುಟಗಳನ್ನು ಓದಿದವರಿಗೆ ಆ ಸೂಕ್ತ ನಿರ್ಧಾರ ಯಾವುದೆಂಬ ಬಗ್ಗೆ ಸಂಶಯ ಉಳಿಯುವಂತಿರಲಿಲ್ಲ. ಇಪ್ಪತ್ತೆರಡು ಸಹಿ ಬಿತ್ತು. ಬುಧವಾರ ಬೆಳಿಗ್ಗೆ ಮೂಡುಬಿದಿರೆಯ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ಸಾಹಿತ್ಯಸೃಷ್ಟಿಯ ತೃಪ್ತಿಯಿಂದ ಮನೆಗೆ ಬಂದು ಉಂಡು ಮಲಗಿದೆ.

ಗುರುವಾರ ಲಾಯಿಲದ ಶಾಲೆಯೊಂದರಲ್ಲಿ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಬೇಕಿತ್ತು. ಬಹುಮಾನ ಕೊಡುವ ಹೊತ್ತಿಗೆ ಫೋಟೊ ತೆಗೆಯಲು ಬಂದವನು ಸಾಕ್ಷಾತ್ ಶೇಖರ. ನಾನು ಮುಖ ತಿರುಗಿಸಿಕೊಂಡೆ. ಸಮಾರಂಭ ಮುಗಿದಾಗ ಅವನೇ ಹತ್ತಿರ ಬಂದ.

“ಸರ್, ಮೂಡುಬಿದಿರೆ ಬಸ್ಸಿಗೆ ಇನ್ನು ಒಂದು ಗಂಟೆ ಉಂಟು. ನಮ್ಮ ಮನೆ ಇಲ್ಲೇ. ಒಂದು ಚಹಾ ಕುಡಿದು ಹೋಗುವ.”

ನೂರು ನೆಪ ಹುಡುಕಿದೆ. ಒಂದೂ ವ್ಯಾಕರಣಶುದ್ಧವಾಗಿ ಹೊರಬರಲಿಲ್ಲ. ಹೋದೆ. ಅವನ ಹೆಂಡತಿ ಅಕ್ಕರೆಯಿಂದ ಚಹಾ, ಗೋಳಿಬಜೆ ತಂದಿಟ್ಟರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

“ಅಲ್ಲ ಶೇಖರ, ಸಿನಾನನ ಬಗ್ಗೆ ಹಾಗೆ ಬರೆಯಬಹುದಿತ್ತಾ ನೀನು?”

ಅವನು ಮೊಬೈಲು ತೆರೆದು ನನ್ನ ಕೈಗಿತ್ತ. ಅವನು ಅಂದು ಮೈದಾನದಿಂದಲೇ ಕಳಿಸಿದ್ದ ವರದಿ. ಓದಿದೆ. ಸಿನಾನನ ಭುಜದ ನೋವಿನಿಂದಲೇ ವರದಿ ಶುರುವಾಗಿತ್ತು. ಏಳು ತಡೆಗಳಲ್ಲಿ ಒಂದೊಂದಕ್ಕೂ ಒಂದೊಂದು ವಾಕ್ಯವಿತ್ತು. ಒಂದು ಕಡೆಯಂತೂ, ಹೇಳಲು ಸಂಕೋಚವಾಗುತ್ತದೆ, ನಾನು ಬರೆದಿದ್ದರೂ ಅಷ್ಟು ಚೆನ್ನಾಗಿರುತ್ತಿರಲಿಲ್ಲ. ಕೊನೆಯಲ್ಲಿ, ಅಷ್ಟಾದರೂ ಎರಡು ಹೊಡೆತಗಳನ್ನು ತಡೆಯಲಾಗಲಿಲ್ಲ ಎಂದಿತ್ತು.

“ಆ ದಿನ ಪುಟಕ್ಕೆ ಕೊನೆ ಗಳಿಗೆಯಲ್ಲಿ ಜಾಹೀರಾತು ಬಂತು ಸರ್,” ಎಂದ ಶೇಖರ. “ಡೆಸ್ಕಿನಲ್ಲಿ ದಿವ್ಯಾ ಅಂತ ಒಬ್ಬಳು ಇದ್ದಾಳೆ, ವರದಿಗೆ ಕತ್ತರಿ ಹಾಕುವುದು, ತಲೆಬರಹ ಕೊಡುವುದು ಎಲ್ಲ ಅವಳೇ. ಅವಳಿಗೆ ಹತ್ತು ನಿಮಿಷ ಇತ್ತು. ಪಂದ್ಯ ಅವಳು ನೋಡ್ಲಿಲ್ಲ ಅಲ್ವಾ.”

“ಹಾಗಂತ ಹೇಳಬಹುದಿತ್ತಲ್ಲ ಮಾರಾಯ! ಊರೆಲ್ಲ ನಿನಗೆ ಬೈತಾ ಉಂಟು.”

“ಹೇಳಿದ್ರೆ ಆ ಬೈಗುಳ ಅವಳಿಗೆ ಹೋಗ್ತದೆ. ಅಷ್ಟೇ ಅಲ್ವಾ ವ್ಯತ್ಯಾಸ? ಸಿನಾನನ ಮನೆಗೆ ನಾನೇ ಹೋಗಿ ಬಂದೆ, ನಿನ್ನೆ. ಅವನ ಅಮ್ಮನಿಗೆ ಇದನ್ನೇ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದ್ರು.”

ಅವನ ಹೆಂಡತಿ ಬಾಗಿಲ ಬಳಿ ನಿಂತಿದ್ದವರು ಮೆಲ್ಲಗೆ ಹೇಳಿದರು: “ಇವರದ್ದು ಖಾಯಂ ಕೆಲಸ ಅಲ್ಲ ಸರ್. ಮೇಲಿನವರಿಗೆ ಒಂದು ದೂರು ಹೋದ್ರೆ ಸಾಕು. ಅದೇ ಒಂದು ಹೆದರಿಕೆ.”

ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸು ಇಟ್ಟೆ. ಆಗಲೇ ಹೇಳಿಬಿಡಬೇಕಿತ್ತು, ಹೇಳಲಾಗಲಿಲ್ಲ. ಒಂದಲ್ಲ, ಇಪ್ಪತ್ತೆರಡು ಸಹಿಯ ದೂರು ಆ ಹೊತ್ತಿಗೆ ಮಂಗಳೂರಿನ ಪತ್ರಿಕಾ ಕಚೇರಿ ತಲುಪಿತ್ತು. ವೇಣೂರು ದಾಟುವವರೆಗೂ ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ, ಪರಿಚಯದವರು ಯಾರಾದರೂ ಕಂಡು ‘ಏನು ಸರ್, ಹೇಗಿದ್ದೀರಿ’ ಎಂದು ಕೇಳಿಬಿಟ್ಟರೆ ಎಂಬ ಭಯದಿಂದ.

ಶುಕ್ರವಾರ ಬೆಳಿಗ್ಗೆ ಹಸನಬ್ಬನವರ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಅಳತೆ ಪಟ್ಟಿಯನ್ನು ಕೆಳಗಿಟ್ಟರು.

“ತಂಗಿ ಎಲ್ಲ ಹೇಳಿದಳು ಮಾಷ್ಟ್ರೇ. ಅವನು ಮನೆಗೇ ಬಂದಿದ್ದನಂತೆ. ನಾವು ಎಂಥ ಕೆಲಸ ಮಾಡಿದೆವು! ಆ ಕಾಗದ ಹಿಂದೆ ತರ್ಲಿಕ್ಕೆ ಆಗ್ತದಾ?”

ಅಂಗಡಿಯಿಂದಲೇ ಪತ್ರಿಕಾ ಕಚೇರಿಗೆ ಫೋನು ಮಾಡಿದೆ. ಸಂಪಾದಕರು ಸಭೆಯಲ್ಲಿದ್ದರು. ಫೋನೆತ್ತಿದ ಹೆಣ್ಣುಮಗಳು ವಿನಯದಿಂದ ಕೇಳಿದಳು, “ಯಾವ ಪತ್ರ ಸರ್? ದೂರಾ, ಮೆಚ್ಚುಗೆಯಾ?”

ಅಂಥ ಸಂಕಟದಲ್ಲೂ ನನ್ನ ಬಾಯಿಂದ ಬಂದ ಮಾತು ಕೇಳಿ: “ವ್ಯಾಜಸ್ತುತಿ.”

“ಓ, ನಾಲ್ಕು ಪುಟದ್ದು! ಸಂಪಾದಕರು ಮೊದಲ ಎರಡು ಸಾಲು ನೋಡಿ ವಾಚಕರ ಅಂಕಣಕ್ಕೆ ಅಂತ ಗುರುತು ಹಾಕಿ ಕೊಟ್ಟಿದ್ದಾರೆ. ನಾನು ಪೂರ್ತಿ ಓದಿದೆ ಸರ್.”

“ಅದನ್ನು ಹಾಕಬೇಡಿಯಮ್ಮ. ನಾವು ತಿಳಿಯದೆ ಬರೆದದ್ದು. ಶೇಖರನ ತಪ್ಪು ಏನೂ ಇಲ್ಲ.”

“ಗುರುತು ಹಾಕಿದ್ದನ್ನು ಬಿಡ್ಲಿಕ್ಕೆ ನನಗೆ ಅಧಿಕಾರ ಇಲ್ಲ ಸರ್. ಜಾಗ ಮಾತ್ರ ಕಡಿಮೆ ಉಂಟು. ನೋಡ್ತೇನೆ,” ಎಂದು ಫೋನಿಟ್ಟಳು.

ಆ ‘ನೋಡ್ತೇನೆ’ ಎಂಬ ಒಂದು ಕ್ರಿಯಾಪದದ ಅರ್ಥವ್ಯಾಪ್ತಿಯನ್ನು ಕುರಿತು ನಾನು ಶನಿವಾರ, ಭಾನುವಾರ ಎರಡೂ ದಿನ ಚಿಂತಿಸಿದೆ. ಭಾನುವಾರದ ಪಂದ್ಯಕ್ಕೂ ಹೋಗಲಿಲ್ಲ. ಶೇಖರನ ಮುಖ ನೋಡುವ ಧೈರ್ಯವಿರಲಿಲ್ಲ. ಸೋಮವಾರ ಬಂಟ್ವಾಳದ ಹೋಟೆಲಿನಲ್ಲಿ ಪತ್ರಿಕೆಯನ್ನು ಹಸನಬ್ಬನವರೇ ಬಿಡಿಸಿದರು. ವಾಚಕರ ಅಂಕಣದ ತುದಿಯಲ್ಲಿ ನನ್ನ ನಾಲ್ಕು ಪುಟದ ಮಹಾಕೃತಿ ಹೀಗೆ ಅಚ್ಚಾಗಿತ್ತು: ‘ನಿಮ್ಮ ಪತ್ರಿಕೆಯ ಫುಟ್‌ಬಾಲ್ ವರದಿಗಳನ್ನು ಮೂರೂ ಊರುಗಳ ಅಭಿಮಾನಿಗಳು ಒಟ್ಟಿಗೆ ಕೂತು ಓದುತ್ತೇವೆ. ಇಂಥ ವರದಿಗಾರರನ್ನು ನಾವು ಇನ್ನೆಲ್ಲೂ ಕಂಡಿಲ್ಲ. ಸಂಪಾದಕರು ಇವರ ವಿಷಯದಲ್ಲಿ ಕೂಡಲೇ ಸೂಕ್ತ ನಿರ್ಧಾರ ಕೈಗೊಳ್ಳಬೇಕು.’

ಮೂರು ವಾಕ್ಯ. ಮೂರೂ ನನ್ನವೇ, ಒಂದಕ್ಷರ ಬದಲಾಗಿರಲಿಲ್ಲ. ವ್ಯಾಜವೆಲ್ಲ ಕತ್ತರಿಗೆ ಸಿಕ್ಕಿ ಹೋಗಿ, ಸ್ತುತಿ ಮಾತ್ರ ಉಳಿದಿತ್ತು.

“ಅಲ್ಲಾಹ್!” ಎಂದರು ಹಸನಬ್ಬನವರು. ಆಮೇಲೆ ಅವರು ನಕ್ಕ ನಗುವಿಗೆ ಪಕ್ಕದ ಮೇಜಿನವರು ಎದ್ದು ನೋಡಿದರು. ನಾನು ನಗಲಿಲ್ಲ. ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಡುವ ಕೆಲಸದಲ್ಲಿದ್ದೆ. ಬಿಟ್ಟಾದ ಮೇಲೆ ಎರಡು ಬನ್ಸ್ ತಿಂದೆ.

ಸಂಜೆ ಶೇಖರನ ಫೋನು ಬಂತು. “ಸರ್, ಸಂಪಾದಕರು ಕರೆದು ಬೆನ್ನು ತಟ್ಟಿದ್ರು. ಫುಟ್‌ಬಾಲಿಗೆ ಇನ್ನು ಅರ್ಧ ಪುಟ ಕೊಡ್ತಾರಂತೆ.”

ನಾನು ತಡವರಿಸುತ್ತಾ ಶುರುಮಾಡಿದೆ: “ಶೇಖರ, ಆ ಪತ್ರದ ವಿಷಯ ನಿನ್ನ ಹತ್ತಿರ ಒಂದು ಹೇಳಬೇಕು…”

“ಎಂತ ಹೇಳುವುದು ಸರ್? ನಾಲ್ಕೂ ಪುಟ ನಾನು ಓದಿಯಾಯ್ತು. ದಿವ್ಯಾ ತೋರಿಸಿದಳು. ನೀವು ಫೋನಿನಲ್ಲಿ ಮಾತಾಡಿದ್ದು ಅವಳ ಹತ್ತಿರವೇ.” ಅವನ ದನಿಯಲ್ಲಿ ಕೋಪವಿರಲಿಲ್ಲ. “ಆ ತಲೆಬರಹದಿಂದ ಅವಳಿಗೂ ಒಂದು ವಾರ ನಿದ್ರೆ ಇರ್ಲಿಲ್ಲವಂತೆ. ನಿಮ್ಮ ಕಾಗದ ಕೈಗೆ ಬಂದದ್ದೇ ಒಳ್ಳೆದಾಯ್ತು ಅಂದಳು. ಮತ್ತೆ, ಇಷ್ಟು ಚಂದ ಬೈಯುವವರು ಸುಮ್ಮನೆ ಯಾಕೆ ಕೂತಿದ್ದಾರೆ ಅಂತ ಕೇಳಿದಳು. ಬರುವ ಭಾನುವಾರ ನನ್ನ ತಂಗಿಯ ನಿಶ್ಚಿತಾರ್ಥ. ಪಂದ್ಯದ ವರದಿ ನೀವೇ ಬರೆದು ಕಳಿಸ್ತೀರಾ?”

ಹೇಗೆ ಇಲ್ಲವೆನ್ನಲಿ? ಭಾನುವಾರ ಮೈದಾನದ ಗೋಡೆ ಬದಿಯಲ್ಲಿ ಪತ್ರಕರ್ತರ ಸಾಲಿನಲ್ಲಿ ನಿಂತೆ. ಕೂಗುವಂತಿಲ್ಲ, ಕಣ್ಣು ಪಂದ್ಯದ ಮೇಲೆ, ಕೈ ಪುಸ್ತಕದ ಮೇಲೆ, ಗೋಲು ಯಾರು ಹೊಡೆದರೆಂದು ಪಕ್ಕದವರನ್ನು ಕೇಳಿ ಬರೆಯುವಷ್ಟರಲ್ಲಿ ಇನ್ನೊಂದು ಕಾರ್ನರ್ ಆಗಿಹೋಗಿರುತ್ತದೆ. ಒಂದೇ ಗೋಲಿನಿಂದ ನಾವು ಗೆದ್ದೆವು. ಭುಜ ಕೊಂಚ ವಾಸಿಯಾಗಿದ್ದ ಸಿನಾನ್ ಒಂದನ್ನೂ ಒಳಗೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ವರದಿ ಬೇಕೆಂದು ದಿವ್ಯಾ ಮೂರು ಸಲ ಫೋನು ಮಾಡಿದಳು. ಕಡಲ ಮೇಲಿನ ಸಂಧ್ಯಾರಾಗದಿಂದ ಆರಂಭಿಸಿ, ಸಿನಾನನ ಅಂಗೈಗಳಿಗೆ ಎರಡು ಉಪಮೆ ಕೊಟ್ಟು, ಗೋಲಿನ ವರ್ಣನೆಯನ್ನು ರಸಪರಾಕಾಷ್ಠೆಗೆಂದು ಕೊನೆಯ ಪರಿಚ್ಛೇದದಲ್ಲಿಟ್ಟು ಕಳಿಸಿದೆ. ಕೊಟ್ಟ ಅರ್ಧ ಪುಟವೂ ಸಾಲದಾದರೆ ಡೆಸ್ಕಿನ ಕತ್ತರಿ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಸೋಮವಾರ ಹೋಟೆಲಿನಲ್ಲಿ ಇಪ್ಪತ್ತೊಂದು ಮಂದಿ ನನ್ನ ಎದುರಿಗೇ ನನ್ನನ್ನು ಓದಿದರು. ಹಸನಬ್ಬನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸಿನಾನನ ವಿಷಯ ಚಂದ ಬಂದಿದೆ ಮಾಷ್ಟ್ರೇ, ತಂಗಿಗೆ ಓದಿ ಹೇಳ್ತೇನೆ. ಸೂರ್ಯ ಮುಳುಗಿದ್ದೂ ಸರಿ ಉಂಟು. ಆದ್ರೆ ಗೋಲು ಹೊಡೆದವನ ಹೆಸರೇ ಇಲ್ಲವಲ್ಲ! ಗೆದ್ದದ್ದು ಯಾರು ಅಂತ ಕೂಡ ಇಲ್ಲ.”

“ಅದು ಕೊನೆಗೆ ಇತ್ತು. ಡೆಸ್ಕಿನಲ್ಲಿ…” ಎಂದು ಶುರುಮಾಡಿದವನು, ಲಾಯಿಲದ ಆ ಚಹಾ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಚರ್ಚೆ ಸಾಕಷ್ಟು ನಡೆಯಿತು. ನಾನು ಪಂದ್ಯ ನೋಡಿದ್ದು ಹೌದೋ ಅಲ್ಲವೋ ಎಂದು ಬೆಳ್ತಂಗಡಿಯವರೊಬ್ಬರು ಸಂಶಯ ಎತ್ತಿದರು. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು: ಹತ್ತಕ್ಕೆ ಮೂರು.

ನಮ್ಮ ಲೆಕ್ಕದಲ್ಲಿ ಮೂರೆಂದರೆ ಅನುತ್ತೀರ್ಣ. ಇಪ್ಪತ್ತೆಂಟು ವರ್ಷಗಳ ಅಧ್ಯಾಪನದಲ್ಲಿ ಎಷ್ಟೋ ಮಂದಿ ನಪಾಸಾದದ್ದನ್ನು ಕಂಡಿದ್ದೇನೆ. ಅತ್ತವರು, ಜಗಳಕ್ಕೆ ನಿಂತವರು, ಮರುಮೌಲ್ಯಮಾಪನ ಕೇಳಿದವರು. ಇಷ್ಟು ನಿರಾಳವಾಗಿ ನಪಾಸಾಗಿ, ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದವನನ್ನು ಮಾತ್ರ ಅದೇ ಮೊದಲ ಸಲ ನೋಡಿದೆ.