ಸೋದರಮಾವನ ತೊಡೆ

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಈಗ ಅಪರೂಪ. ಬಾಣಂತಿ ಇರುವ ಮನೆಗಳಲ್ಲಿ ಎಂದಾದರೊಮ್ಮೆ ಮೂಗಿಗೆ ಬಡಿದರೆ ನಿಂತಲ್ಲೇ ನಾನು ನಿಂಬರ್ಗಾದ ನಮ್ಮ ಪಡಸಾಲೆಗೆ ಹೋಗಿಬಿಡುತ್ತೇನೆ. ಅಲ್ಲಿ ಬೆಳಗಿನ ಎಳೆ ಬಿಸಿಲಲ್ಲಿ ಅವ್ವ ಕಾಲು ಚಾಚಿ ಕೂತಿರುತ್ತಿದ್ದಳು, ಮಡಿಲಲ್ಲಿ ನನ್ನ ತಮ್ಮ ಚನ್ನು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಅವನ ಕೂದಲು ಭುಜಕ್ಕಿಳಿದಿತ್ತು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜುಟ್ಟು ಕಟ್ಟುತ್ತ ಅವ್ವ ಅನ್ನುತ್ತಿದ್ದಳು, "ತಡಿ ಲೇ, ಅಫಜಲಪುರದ ಮಾಮಾ ಬಂದು ತೊಡಿ ಮ್ಯಾಲ ಕುಂದ್ರಿಸ್ಕೊಂಡು ಜವಳ ತೆಗಸ್ತಾನ." ಮಗುವಿನ ಮೊದಲ ಕೂದಲು ಸೋದರಮಾವನ ತೊಡೆಯ ಮೇಲೇ ಇಳಿಯಬೇಕು. ನಮ್ಮಲ್ಲಿ ಅದು ಬಿಟ್ಟು ಬೇರೆ ಕ್ರಮವೇ ಇರಲಿಲ್ಲ.

ಅಪ್ಪ ಜೇವರ್ಗಿಯ ಹೆಣ್ಣೊಬ್ಬಳನ್ನು ಮನೆಗೆ ತರುತ್ತೇನೆಂದು ಹಟ ಹಿಡಿದ ಮೇಲೆ ಊರ ಹಿರಿಯರು ಕೂತು ಸೋಡಚೀಟಿ ಮಾಡಿಸಿದರು. ಗಂಡ ಹೆಂಡಿರ ಸಂಬಂಧ ಅಲ್ಲಿಗೆ ಹರಿಯಿತು. ಹೊಲ ಹಂಚಿದ ಹಾಗೆ ನಮ್ಮನ್ನೂ ಹಂಚಿದರು, ಹೆಣ್ಣು ತಾಯಿಗೆ, ಗಂಡು ಮನೆತನಕ್ಕೆ. ನನ್ನನ್ನು ಯಾರೂ ಕೇಳಲಿಲ್ಲ. ಚನ್ನುವಿಗಂತೂ ಇನ್ನೂ ಸರಿಯಾಗಿ ಮಾತೇ ಬರುತ್ತಿರಲಿಲ್ಲ. ಒಂದು ಟ್ರಂಕು ಹಿಡಿದು ಅವ್ವನೂ ನಾನೂ ಮಾಮನ ಮನೆಗೆ ಬಂದೆವು. ಮಾಮ ವಕೀಲರನ್ನು ಕಂಡ. ಐದು ತುಂಬದ ಕೂಸು ತಾಯಿಯ ಹತ್ತಿರವೇ ಇರಲಿ ಎಂದು ಕೋರ್ಟು ಸಾಮಾನ್ಯವಾಗಿ ಹೇಳುತ್ತದೆ, ದಾವೆ ಹಾಕಿ ಎಂದರು ಅವರು. ಈ ಸುದ್ದಿ ಮುಟ್ಟಿದ್ದೇ ತಡ, ಅಪ್ಪನ ತಾಯಿ, ನಮ್ಮ ಆಯಿ, ತಾನೇ ಬಸ್ಸು ಹತ್ತಿ ಬಂದಳು. "ಕೋರ್ಟಿಗ್ಯಾಕ ಹೋಗ್ತಿ ಬೇ? ಜವಳ ನಿಮ್ಮಣ್ಣನ ತೊಡಿ ಮ್ಯಾಲೇ ಆಗ್ತದ. ಅದೊಂದು ಮುಗೀಲಿ, ಆಮ್ಯಾಲ ಕೂಸಿನ್ನ ಕರ್ಕೊಂಡು ಹೋಗು." ಅವ್ವ ನಂಬಿದಳು. ದಾವೆ ಹಾಕುವುದು ಬೇಡ ಎಂದು ಅಣ್ಣನ ಕೈ ಹಿಡಿದಳು.

ಮೂರನೆಯ ವರ್ಷಕ್ಕೆ ಆಗಬೇಕಿದ್ದ ಜವಳವನ್ನು ಆಯಿ ಐದು ತುಂಬಲಿ ಎಂದು ಮುಂದೆ ಹಾಕಿದಳು. ಅವ್ವ ಓಣಿಯ ಅದೇ ವಯಸ್ಸಿನ ಹುಡುಗನ ಬೆನ್ನಿಗೆ ಬಟ್ಟೆ ಹಿಡಿದು ಚನ್ನುವಿಗೆ ಅಂಗಿ ಹೊಲಿಸಿದಳು, ಸಣ್ಣದಾದೀತೆಂದು ಮತ್ತೊಂದು ಹೊಲಿಸಿದಳು. "ನಿನ್ನ ಮಗನಕಿಂತ ಈ ಅಂಗೀನೇ ಜಲ್ದಿ ಬೆಳೀಲಾಕತ್ತದ ನೋಡು ತಂಗಿ," ಎಂದು ಮಾಮ ಛೇಡಿಸುತ್ತಿದ್ದ. ಕಡೆಗೊಮ್ಮೆ ನಿಂಬರ್ಗಾ ಕಡೆಯ ಬಳೆಗಾರನೊಬ್ಬ, ಸೋಮವಾರ ಜಿಡಗಾದ ಮಠದಲ್ಲಿ ನಿಮ್ಮ ಹುಡುಗನ ಜವಳವಂತಲ್ಲ ಎಂದ. ನಮಗೆ ಕರೆಯೇ ಬಂದಿರಲಿಲ್ಲ. "ಗಡಬಡ್ಯಾಗ ಮರ್ತಿರಬೇಕು," ಎಂದು ಅವ್ವನೇ ಅವರ ಪರ ವಹಿಸಿ, ಹೊಸ ಸೀರೆ ತೆಗೆದಿಟ್ಟಳು.

ನಾವು ಮುಟ್ಟುವ ಹೊತ್ತಿಗೆ ಚನ್ನುವಿನ ತಲೆ ಅರ್ಧ ಬೋಳಾಗಿತ್ತು. ಅವನು ಕೂತಿದ್ದುದು ಜೇವರ್ಗಿಯ ಆ ಹೆಣ್ಣಿನ ಅಣ್ಣನ ತೊಡೆಯ ಮೇಲೆ. ಆಯಿ ಅಡ್ಡ ಬಂದಳು. ಮಾಮ ಅಂಗಿಯ ಗಂಟನ್ನು ಕಂಕುಳಲ್ಲಿ ಅವುಚಿ ಹಿಡಿದಿದ್ದ. "ನಾ ಇನ್ನಾ ಬದುಕಿದ್ದೇನಲ್ರಿ ಆಯಿ," ಎಂದ.

"ಯಾರ್ ಇಲ್ಲಂದ್ರಪ್ಪಾ? ಆದ್ರ ಈಗ ಅವನ ತಾಯಿನೂ ಬ್ಯಾರೆ, ಮಾಮಾನೂ ಬ್ಯಾರೆ. ಕೂಸು ಅಂಜ್ತದ, ನಡೀರಿ."

ಅವ್ವ ಜಗಳಕ್ಕೆ ನಿಲ್ಲಲಿಲ್ಲ. ಆ ದಿನ ಅವಳು ಬಾಯಿ ಮಾಡಿ ಅಂಗಳವೆಲ್ಲ ಕೂಡುವಂತೆ ಅತ್ತಿದ್ದರೆ ನನ್ನ ಎದೆ ಇಷ್ಟು ಉರಿಯುತ್ತಿರಲಿಲ್ಲ. ಚನ್ನು ಯಾರೋ ಬಂದವರನ್ನು ನೋಡುವ ಹಾಗೆ ನಮ್ಮನ್ನು ನೋಡಿ, ಕೈಯಲ್ಲಿದ್ದ ಕೊಬ್ಬರಿ ಕಡಿಯತೊಡಗಿದ. ಮರಳುವ ಬಸ್ಸಿನಲ್ಲಿ ಅವ್ವ ಅಂದಳು: "ಕೂದ್ಲಾ ಹೋದ ಮ್ಯಾಲ ಕಾಣ್ತು ನೋಡು. ತಲಿ ಥೇಟ್ ನಮ್ಮಪ್ಪಂದೇ." ಮಾಮ ಕಿಟಕಿಯ ಕಡೆ ಮುಖ ತಿರುಗಿಸಿದ.

ಐದು ದಾಟಿದ ಮೇಲೆ ಇನ್ನು ಕಷ್ಟ ಎಂದರು ವಕೀಲರು. ಆ ಮನೆ ನಮ್ಮನ್ನು ಮತ್ತೆ ಕರೆಯಲಿಲ್ಲ, ಈಗ ಅದು ನಿಂತೂ ಇಲ್ಲ. ಪಡಸಾಲೆ ಇದ್ದಲ್ಲಿ ಯಾರದೋ ತೊಗರಿ ಕಟ್ಟಿಗೆ ಒಟ್ಟಿದ್ದಾರೆ. ಇದ್ದಾಗ ನಮ್ಮದಾಗಿ ಉಳಿಯದ ಮನೆಗಾಗಿ ಅಳುವುದು ಹೇಗೆಂದು ನಿಮಗಾದರೂ ಗೊತ್ತಿದ್ದೀತು, ನನಗೆ ಗೊತ್ತಿಲ್ಲ. ಅವ್ವ ಮಗನನ್ನು ಮತ್ತೆಂದೂ ಕಾಣಲಿಲ್ಲ. ಅವಳು ಹಾಸಿಗೆ ಹಿಡಿದಾಗ ಚನ್ನು ಮೀಸೆ ಬಂದ ಗಂಡಸಾಗಿ ಪುಣೆಯಲ್ಲಿ ದುಡಿಯುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದು ನನ್ನನ್ನು ಕೇಳಿದಳು, "ಕೂಸಿನ ತಲಿ ಬೋಳ ಅದ. ಬಿಸಲಾಗ ಯಾರರೇ ಟೊಪ್ಪಿಗಿ ಹಾಕ್ತಾರೇನ ಬೇ?"

"ಹಾಕ್ತಾರವ್ವಾ," ಎಂದೆ.